ಬಸ್ಸಿನ ಸಿನೆಮಾದಲ್ಲಿ ಅಂಥದ್ದೇನಿಲ್ಲ

ಆ ದಿನದ ಎಲ್ಲ ಅನಾಹುತಕ್ಕೂ ಲೋಕನಾಥನ ಕಣ್ಣೇ ಕಾರಣ. ಸೋಮವಾರ ಬೆಳಿಗ್ಗೆ ಬಂಟ್ವಾಳದ ಮನೆಯಲ್ಲಿ ಗಡ್ಡ ಬೋಳಿಸಲು ಕನ್ನಡಿಯ ಮುಂದೆ ನಿಂತರೆ ಎರಡೂ ಕಣ್ಣು ಕೆಂಪಗೆ ಊದಿಕೊಂಡಿದ್ದವು. ತಣ್ಣೀರು ಹಾಕಿದ, ಸೌತೆಕಾಯಿಯ ಬಿಲ್ಲೆ ಇಟ್ಟುಕೊಂಡ, ಕೊನೆಗೆ ಹೆಂಡತಿ ಕಾಂತಿಯ ಪೌಡರನ್ನೂ ಬಳಿದುಕೊಂಡ. ಬಿಳಿ ಪೌಡರಿನ ನಡುವೆ ಕೆಂಪು ಇನ್ನಷ್ಟು ಎದ್ದು ಕಂಡಿತು.

ಕಣ್ಣು ಕೆಂಪಾದದ್ದು ಅತ್ತು. ಅತ್ತದ್ದು ಕಾರ್ಟೂನ್ ಸಿನೆಮಾ ನೋಡಿ. ಇದನ್ನು ಯಾರಿಗಾದರೂ ಹೇಳುವ ಹಾಗಿದೆಯೇ?

ಹಿಂದಿನ ದಿನ ಆದಿತ್ಯವಾರ, ಅವನು ಕೆಲಸಕ್ಕಿದ್ದ ಸಹಕಾರಿ ಸೊಸೈಟಿಯ ಅಧ್ಯಕ್ಷ ಶ್ರೇಯಾಂಸಕುಮಾರರು ಮೂಡುಬಿದಿರೆಯ ಟಾಕೀಸಿನಲ್ಲಿ ಎಲ್ಲ ಶಾಖೆಗಳ ಸಿಬ್ಬಂದಿಗೂ ಅವರ ಮನೆಮಂದಿಗೂ ಒಂದು ಮಕ್ಕಳ ಸಿನೆಮಾ ತೋರಿಸಿದ್ದರು. ಹೊರದೇಶದ್ದು, ಲೋಕವೆಲ್ಲ ಹೊಗಳಿದ್ದು, ಕನ್ನಡಕ್ಕೆ ಡಬ್ ಆಗಿ ಬಂದದ್ದು. ಅದರ ಮೂಲ ಹೆಸರು ಯಾರ ನಾಲಿಗೆಗೂ ಹೊರಳದ್ದರಿಂದ ಎಲ್ಲರೂ ಬಸ್ಸಿನ ಸಿನೆಮಾ ಎಂದೇ ಕರೆಯುತ್ತಿದ್ದರು. ಅದರಲ್ಲಿ ಒಬ್ಬ ಪುಟ್ಟ ಹುಡುಗಿಯ ಎದೆಯೊಳಗೆ ಒಂದು ಬಸ್ಸು ಓಡುತ್ತಿರುತ್ತದೆ. ಸಂತೋಷ ಅದರ ಡ್ರೈವರು, ಹೆದರಿಕೆ ಕಂಡಕ್ಟರು, ಸಿಟ್ಟಿನ ಕೆಲಸ ಹಾರ್ನ್ ಒತ್ತುವುದು. ದುಃಖ ಮಾತ್ರ ಒಂದು ದೊಡ್ಡ ಚೀಲ ಮಡಿಲಲ್ಲಿಟ್ಟುಕೊಂಡು ಕೊನೆಯ ಸೀಟಿನಲ್ಲಿ ಸುಮ್ಮನೆ ಕೂತಿರುತ್ತದೆ. ಹುಡುಗಿಯ ಅಪ್ಪನಿಗೆ ದೂರದ ದೀಪಸ್ತಂಭವೊಂದರಲ್ಲಿ ಕೆಲಸ. ಅವನ ಫೋನು ಬಂದಾಗಲೆಲ್ಲ ಸಂತೋಷವೇ ಓಡಿಹೋಗಿ ಎತ್ತಿಕೊಂಡು "ನಾನು ಚೆನ್ನಾಗಿದ್ದೇನೆ ಅಪ್ಪ" ಎನ್ನುತ್ತದೆ. ಕಡೆಯ ದೃಶ್ಯದಲ್ಲಿ ದುಃಖ ಎದ್ದುಬಂದು ಮೊದಲ ಸಲ ಫೋನು ಹಿಡಿಯುತ್ತದೆ.

ಅಲ್ಲಿಗೆ ಲೋಕನಾಥ ಕರಗಿ ನೀರಾದ. ಅವನಿದ್ದದ್ದು ಸೊಸೈಟಿಯ ನೆರಿಯ ಶಾಖೆಯಲ್ಲಿ ಗುಮಾಸ್ತನಾಗಿ. ಶಾಖೆಯ ಬಾಗಿಲು ಹಾಕುವ ಹೊತ್ತಿಗೆ ಬಂಟ್ವಾಳದ ಕಡೆಗೆ ಬಸ್ಸು ಸಿಗದ ಕಾರಣ ವಾರವಿಡೀ ಅಲ್ಲೇ ಬಾಡಿಗೆ ಕೋಣೆ. ಮಗಳು ಪ್ರಾಪ್ತಿಯ ಮುಖ ಕಾಣುವುದು ಆದಿತ್ಯವಾರ ಮಾತ್ರ. ಅವಳೂ ದಿನಾ ಫೋನಿನಲ್ಲಿ ಹೇಳುತ್ತಿದ್ದದ್ದು ಅದೇ ಮಾತು, "ನಾನು ಚೆನ್ನಾಗಿದ್ದೇನೆ ಪಪ್ಪ." ಟಾಕೀಸಿನ ಕತ್ತಲಲ್ಲಿ ಅವನು ಕರವಸ್ತ್ರ ಕಚ್ಚಿಕೊಂಡು ಅತ್ತ. ಲೈಟು ಹತ್ತುವ ಮೊದಲೇ ಮೂತ್ರಕ್ಕೆ ಹೋಗುವವನ ಹಾಗೆ ಎದ್ದು ಓಡಿದ.

ಈಗ ಬಂಟ್ವಾಳ ಶಾಖೆಯಲ್ಲಿ ಒಂದು ಜಾಗ ಖಾಲಿ ಬಿದ್ದಿತ್ತು. ಕೇಳಿದವರು ಇಬ್ಬರು, ಇಬ್ಬರೂ ನೆರಿಯದವರೇ: ಲೋಕನಾಥ, ಮತ್ತು ಅವನ ಪಕ್ಕದ ಮೇಜಿನ ಯುವಕ ಜಯೇಶ್. ಯಾರಿಗೆ ಎಂಬುದನ್ನು ಅಧ್ಯಕ್ಷರು ಸೋಮವಾರ ಸಂಜೆ ಹೇಳುವವರಿದ್ದರು. ಅಧ್ಯಕ್ಷರ ಮಾತೆಂದರೆ ಮುಗಿಯಿತು, ಆಡಳಿತ ಮಂಡಳಿ ಬರೀ ತಲೆಯಾಡಿಸಲು ಇದ್ದದ್ದು.

"ಪ್ರಾಪ್ತಿ ಇಡೀ ಕ್ಲಾಸಿಗೆ ಹೇಳಿ ಆಗಿದೆ, ನಾಳೆಯಿಂದ ಪಪ್ಪ ದಿನಾ ಮನೆಗೆ ಬರ್ತಾರೆ ಅಂತ," ಎಂದಳು ಕಾಂತಿ ಚಾ ಕೊಡುತ್ತ. "ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡು ಇರಿ. ಯಾರ ಹತ್ರವೂ ಏನೂ ಹೇಳ್ಲಿಕ್ಕೆ ಹೋಗ್ಬೇಡಿ. ಕೇಳಿತಾ?"

ಕೇಳಿತು. ಆದರೆ ನೆರಿಯ ಶಾಖೆಯಲ್ಲಿ ಗುರುವಪ್ಪ ಎಂಬ ಹಿರಿಯ ಗುಮಾಸ್ತರೊಬ್ಬರಿದ್ದರು. ಇನ್ನೊಬ್ಬರ ಮುಖದಲ್ಲಿ ಒಂದು ಮೊಡವೆ ಎದ್ದರೂ ಅದರ ಚರಿತ್ರೆ ತಿಳಿಯದೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ. ಹೋದ ವರ್ಷ ಮ್ಯಾನೇಜರರ ಬೀಳ್ಕೊಡುಗೆಯಲ್ಲಿ ಲೋಕನಾಥನ ಗಂಟಲು ಸ್ವಲ್ಪ ಕಟ್ಟಿದ್ದೇ ತಡ, ಗುರುವಪ್ಪ ಅದನ್ನು ಇಂದಿಗೂ ಚಾದ ಹೊತ್ತಿಗೆ ಮಾಡಿ ತೋರಿಸುತ್ತಿದ್ದರು, ಬಂದ ಗ್ರಾಹಕರಿಗೂ.

ಲೋಕನಾಥ ಶಾಖೆಯ ಮೆಟ್ಟಲು ಹತ್ತುವಾಗಲೇ ಅವರು ಕುರ್ಚಿಯಿಂದ ಎದ್ದರು.

"ಎಂತ ಮಾರಾಯ, ಕಣ್ಣು? ನಿನ್ನೆ ಸಿನೆಮಾ ನೋಡಿ ಅತ್ತದ್ದಾ?"

"ಛೇ! ಆ ಬಸ್ಸಿನ ಸಿನೆಮಾಕ್ಕಾ?" ಲೋಕನಾಥ ಜೋರಾಗಿ ನಕ್ಕ, ಸ್ವಲ್ಪ ಹೆಚ್ಚೇ ಜೋರಾಗಿ. "ಅದರಲ್ಲಿ ಅಂಥದ್ದೇನಿಲ್ಲ ಗುರುವಪ್ಪಣ್ಣ. ಸುಮ್ಮನೆ ಜನ ತಲೆ ಮೇಲೆ ಹೊತ್ತುಕೊಂಡು ಕುಣಿಯುವುದು. ಇದು ಮದ್ರಾಸ್ ಐ."

ಮದ್ರಾಸ್ ಐ ಎಂದದ್ದೇ ಗುರುವಪ್ಪ ಹಿಂದಕ್ಕೆ ಹಾರಿದರು. ಆ ಕಾಯಿಲೆ ಕಣ್ಣಿನಲ್ಲಿ ಕಣ್ಣಿಟ್ಟರೇ ಅಂಟುತ್ತದೆ ಎಂದು ಅವರ ನಂಬಿಕೆ. ಗೋಡೆ ನೋಡುತ್ತ ಮಾತಾಡಿ, ಡ್ರಾಯರಿನಿಂದ ತಮ್ಮ ಹಳೆಯ ಕಪ್ಪು ಕನ್ನಡಕ ತೆಗೆದು ಮೇಜಿನ ಮೇಲೆ ದೂಡಿದರು. ಜಯೇಶ್ ತನ್ನ ಹೆಲ್ಮೆಟನ್ನು ತಲೆಗೆ ಹಾಕಿಕೊಂಡು, ಗಾಜು ಇಳಿಸಿ, ಹಾಗೆಯೇ ಕ್ಯಾಶ್ ಕೌಂಟರಿನಲ್ಲಿ ಕುಳಿತ.

ಸದ್ಯ, ತಪ್ಪಿಸಿಕೊಂಡೆ ಎಂದುಕೊಂಡ ಲೋಕನಾಥ. ಕಪ್ಪು ಕನ್ನಡಕ ಹಾಕಿಕೊಂಡ ಮೇಲೆ ಧೈರ್ಯವೂ ಬಂತು. ಆದರೆ ಚಾದ ಹೊತ್ತಿಗೆ ಶಾಖೆಯ ಫೋನು ಹೊಡೆದುಕೊಂಡಿತು. ಎತ್ತಿದ ಗುರುವಪ್ಪ ಎದ್ದು ನಿಂತರು. ಫೋನಿನಲ್ಲಿ ಯಾರಿದ್ದಾರೆಂಬುದು ಅದರಲ್ಲೇ ಗೊತ್ತಾಯಿತು.

"ಲೋಕನಾಥ, ಅಧ್ಯಕ್ಷರು. ನಿನ್ನ ಹತ್ರ ಮಾತಾಡ್ಬೇಕಂತೆ."

"ನನ್ನ ಹತ್ರ ಯಾಕೆ?"

"ಬೆಳಿಗ್ಗೆ ಹೆಡ್ ಆಫೀಸಿಗೆ ಫೋನ್ ಮಾಡಿದಾಗ ಮಾತಿಗೆ ಮಾತು ಬಂತು ಮಾರಾಯ. ಇಲ್ಲಿ ಒಬ್ಬರಿಗೆ ಸಿನೆಮಾ ಹಿಡಿಸ್ಲಿಲ್ಲ ಅಂತ ನಾನು ಸುಮ್ಮನೆ ಹೇಳಿದ್ದು. ಕುಶಾಲಿಗೆ."

ಲೋಕನಾಥ ಚಾದ ಲೋಟ ಕೆಳಗಿಟ್ಟ. ಆ ಸಿನೆಮಾದಲ್ಲಿ ದುಃಖಕ್ಕೆ ಕನ್ನಡದಲ್ಲಿ ಸ್ವರ ಕೊಟ್ಟವಳು ಅಧ್ಯಕ್ಷರ ಮೊಮ್ಮಗಳು ತ್ರಿಶಾ ಎಂಬುದು ಇಡೀ ಸೊಸೈಟಿಗೆ ಗೊತ್ತಿತ್ತು. ಅದಕ್ಕೇ ಅಲ್ಲವೇ ಟಾಕೀಸು ಹಿಡಿದು ತೋರಿಸಿದ್ದು? ಅದಕ್ಕೇ ಅಲ್ಲವೇ ಇವತ್ತು ಸಂಜೆ ಮೂಡುಬಿದಿರೆಯ ಹೆಡ್ ಆಫೀಸಿನ ಸಭಾಭವನದಲ್ಲಿ ಅವಳಿಗೆ ಸನ್ಮಾನ?

"ಲೋಕನಾಥರಾ?" ಅಧ್ಯಕ್ಷರ ಸ್ವರ ನಿಧಾನ, ಗಂಭೀರ. "ನಿಮಗೆ ಆ ಸಿನೆಮಾದಲ್ಲಿ ಅಂಥದ್ದೇನೂ ಕಾಣ್ಲಿಲ್ಲವಂತೆ?"

"ಸಾರ್, ಅದು ಹಾಗಲ್ಲ ಸಾರ್..."

"ಹೆದರ್ಬೇಡಿ. ನಾನು ಹುಡುಕ್ತಾ ಇದ್ದದ್ದೇ ನಿಮ್ಮಂಥವರನ್ನು. ಬೆಳಿಗ್ಗೆಯಿಂದ ಎಲ್ಲ ಶಾಖೆಗೂ ಫೋನ್ ಮಾಡಿದೆ. ಎಲ್ಲರೂ ಹೊಗಳುವವರೇ. ಬರೀ ಹೊಗಳಿಕೆಯ ಸಭೆ ಅಂದ್ರೆ ಉಪ್ಪಿಲ್ಲದ ಗಂಜಿ. ಇವತ್ತು ತಾಳಮದ್ದಳೆ ಕ್ರಮದಲ್ಲಿ ಮಾಡುವ. ಜಾಗಟೆ ನಾನೇ ಹಿಡೀತೇನೆ. ಸಿನೆಮಾದ ಪರವಾಗಿ ನಿಮ್ಮ ಜಯೇಶ್. ಎದುರು ಅರ್ಥ ನಿಮ್ಮದು."

ಈ ಸೀಮೆಯಲ್ಲಿ ತಾಳಮದ್ದಳೆಯ ಹುಚ್ಚಿಲ್ಲದ ಹಿರಿಯರು ಕಡಿಮೆ. ವೇಷವಿಲ್ಲ, ಕುಣಿತವಿಲ್ಲ. ಜಾಗಟೆ ಹಿಡಿದ ಭಾಗವತರು ಪದ ಹೇಳುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಪಾತ್ರಗಳಾಗಿ ವಾದಕ್ಕಿಳಿಯುತ್ತಾರೆ. ಯಾವ ಪಾತ್ರ ಗೆಲ್ಲಬೇಕು, ಯಾವುದು ಸೋಲಬೇಕು ಎಂಬುದು ಕತೆಯಲ್ಲೇ ತೀರ್ಮಾನವಾಗಿರುತ್ತದೆ. ಆದರೂ ಸೋಲುವವನು ಗೆಲ್ಲುವವನ ಬೆವರು ಇಳಿಸದಿದ್ದರೆ ಜನಕ್ಕೆ ರುಚಿಸುವುದಿಲ್ಲ. ಲೋಕನಾಥನ ಅನುಭವವೆಂದರೆ ಯಾವಾಗಲೋ ಒಮ್ಮೆ ದೂತನ ಅರ್ಥ ಹೇಳಿದ್ದು. ಅವನಿಗಿದ್ದದ್ದು "ಅಪ್ಪಣೆ, ಮಹಾಪ್ರಭು" ಎಂಬ ಒಂದೇ ಮಾತು. ಅದರಲ್ಲೂ ಅವನು ತೊದಲಿದ್ದ.

"ಒಂದು ಮಾತು," ಎಂದರು ಅಧ್ಯಕ್ಷರು. "ಮುಲಾಜಿಗೆ ಸೋತುಕೊಡುವುದು ನನಗೆ ಆಗ್ಲಿಕ್ಕಿಲ್ಲ. ಕಂಡುಹಿಡೀತೇನೆ. ವರ್ಗದ ವಿಷಯ ಸಭೆ ಆದ ಮೇಲೆ ಹೇಳುವ."

ಲೋಕನಾಥ ಫೋನು ಇಟ್ಟು ಲೆಕ್ಕ ಹಾಕಿದ. ಗೆದ್ದರೆ ಮೊಮ್ಮಗಳ ಸನ್ಮಾನದ ದಿನವೇ ಅವಳ ಸಿನೆಮಾವನ್ನು ಹಾಳುಗೆಡವಿದ ಪಾಪ. ಬೇಕೆಂದೇ ಸೋತರೆ ಕಂಡುಹಿಡಿಯುತ್ತಾರೆ. ಅತ್ತದ್ದು ನಿಜ ಎಂದು ಒಪ್ಪಿಕೊಂಡರೆ ಗುರುವಪ್ಪ ನಿವೃತ್ತಿಯವರೆಗೆ ಅತ್ತು ತೋರಿಸುತ್ತಾರೆ.

"ಸೋಲು ಮಾರಾಯ," ಎಂದರು ಎಲ್ಲ ಕೇಳಿಸಿಕೊಂಡಿದ್ದ ಗುರುವಪ್ಪ, ಗೋಡೆ ನೋಡಿಕೊಂಡು. "ಆದರೆ ನಿಧಾನಕ್ಕೆ ಸೋಲು. ಜಾರಿ ಬಿದ್ದ ಹಾಗೆ ಕಾಣ್ಬೇಕು, ಮಲಗಿದ ಹಾಗೆ ಕಾಣ್ಬಾರದು."

ಮಧ್ಯಾಹ್ನ ಊಟವಾದ ಮೇಲೆ ಶಾಖೆಗೆ ಬಾಗಿಲು ಹಾಕಿ ಮೂವರೂ ಊರಿನ ಹನೀಫಾನ ಬಾಡಿಗೆ ಜೀಪು ಹತ್ತಿದರು. ಹನೀಫಾ ಲೋಕನಾಥನ ಕನ್ನಡಕ ನೋಡಿದ್ದೇ "ಮದ್ರಾಸ್ ಐಯಾ? ನೀವು ಹಿಂದೆ ಕೂತುಕೊಳ್ಳಿ ಮಾರಾಯ್ರೆ, ನನಗೆ ಗಾಡಿ ಓಡಿಸ್ಲಿಕ್ಕುಂಟು" ಎಂದು ಕೊನೆಯ ಸೀಟು ತೋರಿಸಿದ. ಗುರುವಪ್ಪ ಮುಂದೆ ಕೂತರು. ಆಶ್ಚರ್ಯವೆಂದರೆ ಜಯೇಶ್ ಹಿಂದೆ ಬಂದು ಲೋಕನಾಥನ ಪಕ್ಕದಲ್ಲೇ ತೂರಿಕೊಂಡ, ಹೆಲ್ಮೆಟ್ ಸಮೇತ.

"ಲೋಕಣ್ಣ," ಹೆಲ್ಮೆಟ್ಟಿನೊಳಗಿಂದ ಸ್ವರ ಬಂತು. "ನಿಮ್ಮ ಹತ್ರ ಒಂದು ಗುಟ್ಟು. ನಾನು ನಿನ್ನೆ ಹೆಸರು ಬರುವಾಗಲೇ ನಿದ್ದೆ ಹೋದೆ. ಸಿನೆಮಾದ ಕತೆ ಎಂತ?"

ಲೋಕನಾಥನಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಜಯೇಶನನ್ನು ಗೆಲ್ಲುವಷ್ಟು ತಯಾರು ಮಾಡಿದರೆ ತಾನು ನ್ಯಾಯವಾಗಿಯೇ ಸೋಲಬಹುದಲ್ಲ! ಬೆಳ್ತಂಗಡಿ ದಾಟುವವರೆಗೆ ಇಡೀ ಕತೆ ಹೇಳಿದ. ಗುರುವಾಯನಕೆರೆಯಿಂದ ವೇಣೂರಿನವರೆಗೆ ಸಿನೆಮಾದ ಪರವಾಗಿ ಎಂತೆಂಥ ಮಾತು ಹೇಳಬಹುದೋ ಎಲ್ಲ ಹೇಳಿಕೊಟ್ಟ.

"ಮಕ್ಕಳು ಚೆನ್ನಾಗಿದ್ದೇನೆ ಅಂದ ಕೂಡಲೇ ನಾವು ಫೋನು ಇಟ್ಟುಬಿಡ್ತೇವೆ ಜಯೇಶ. ಅವರ ಎದೆಯ ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದಾರೆ ಅಂತ ಕೇಳುವುದೇ ಇಲ್ಲ. ಅದನ್ನು ಈ ಸಿನೆಮಾ ಕೇಳ್ತದೆ. ಇದನ್ನೇ ಹೇಳು, ಸಭೆ ನಿನ್ನ ಕಡೆಗೆ ಬರ್ತದೆ."

ಹೇಳುತ್ತ ಹೇಳುತ್ತ ಅವನ ಸ್ವರ ಒದ್ದೆಯಾಯಿತು. ಹೆಲ್ಮೆಟ್ ತಲೆದೂಗಿತು. ಹೊಂಡಕ್ಕೆ ತಲೆದೂಗಿತೋ ಮಾತಿಗೋ ಎಂಬುದು ಮೂಡುಬಿದಿರೆ ಬಂದ ಮೇಲೆ ತಿಳಿಯಿತು. ಹೆಲ್ಮೆಟ್ ತೆಗೆದ ಜಯೇಶ್ ಕೇಳಿದ, "ನೀವು ದಾರಿಯಿಡೀ ಎಂತದೋ ಹೇಳ್ತಾ ಇದ್ರಿ. ಬಸ್ಸು ಅಂತ ಒಂದು ಕೇಳಿತು. ಇನ್ನೊಮ್ಮೆ ಹೇಳ್ತೀರಾ?"

ಇನ್ನೊಮ್ಮೆ ಹೇಳಲು ಸಮಯವಿರಲಿಲ್ಲ. ಸಭಾಭವನ ತುಂಬಿತ್ತು. ವೇದಿಕೆಯಲ್ಲಿ ಎದುರುಬದುರು ಎರಡು ಕುರ್ಚಿ, ಎರಡು ಮೈಕು. ನಡುವೆ ಚೆಂಡೆ ಮದ್ದಳೆಯವರ ಜೊತೆ ಅಧ್ಯಕ್ಷರು ಬಿಳಿ ಶಾಲು ಹೊದ್ದು ಜಾಗಟೆ ಹಿಡಿದು ಕೂತಿದ್ದರು. ಮುಂದಿನ ಸಾಲಿನಲ್ಲಿ ರೇಷ್ಮೆ ಲಂಗ ಹಾಕಿಕೊಂಡ ತ್ರಿಶಾ. ಅವಳ ಹಿಂದೆಯೇ, ಬಂಟ್ವಾಳದಿಂದ ಬಸ್ಸಿನಲ್ಲಿ ಬಂದ ಕಾಂತಿ ಮತ್ತು ಪ್ರಾಪ್ತಿ. ಬಾಯಿ ಮುಚ್ಚಿಕೊಂಡಿರಿ ಎಂದು ಕಳಿಸಿದ ಗಂಡ ಕಪ್ಪು ಕನ್ನಡಕ ಹಾಕಿಕೊಂಡು ಮೈಕಿನ ಮುಂದೆ ಕೂತದ್ದನ್ನು ನೋಡಿ ಕಾಂತಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಪ್ರಾಪ್ತಿ ಮಾತ್ರ ಎದ್ದು ನಿಂತು ಕೈ ಬೀಸಿದಳು.

ಅಧ್ಯಕ್ಷರು ಪದ ಹೇಳಿ ಜಾಗಟೆ ಬಡಿದರು. ಜಯೇಶ್ ಮೈಕು ಹಿಡಿದ.

"ಈ ಸಿನೆಮಾ ಬಹಳ ಒಳ್ಳೆಯ ಸಿನೆಮಾ. ಯಾಕೆಂದರೆ," ಎಂದು ನಿಲ್ಲಿಸಿ ತಲೆಯೆತ್ತಿ ಮೇಲಿನ ಮಾಡು ನೋಡಿದ. "ಯಾಕೆಂದರೆ ಇದರಲ್ಲಿ ಬಸ್ಸು ಉಂಟು."

ಅಷ್ಟೇ. ಸಭೆ ಇನ್ನೇನೋ ಬರುತ್ತದೆ ಎಂದು ಕಾಯಿತು. ಏನೂ ಬರಲಿಲ್ಲ. ಜಾಗಟೆ ಲೋಕನಾಥನ ಕಡೆಗೆ ತಿರುಗಿತು.

ಇದಕ್ಕಿಂತ ದಡ್ಡ ಮಾತು ಎಲ್ಲಿಂದ ತರುವುದು? ಲೋಕನಾಥ ತನ್ನ ತಲೆಯಲ್ಲಿದ್ದ ಅತಿ ಕೆಟ್ಟ ವಾದವನ್ನು ಹುಡುಕಿ ತೆಗೆದ.

"ಆ ಬಸ್ಸಿಗೆ ಸಂತೋಷ ಡ್ರೈವರಂತೆ. ನಾನು ಬಂಟ್ವಾಳದಿಂದ ನೆರಿಯಕ್ಕೆ ಎಷ್ಟೋ ಬಸ್ಸಿನಲ್ಲಿ ಹೋಗಿದ್ದೇನೆ. ಸಂತೋಷದಲ್ಲಿರುವ ಡ್ರೈವರನ್ನು ಇದುವರೆಗೆ ಕಂಡಿಲ್ಲ. ನೀವು ಯಾರಾದರೂ ಕಂಡಿದ್ದೀರಾ?"

ಸಭೆ ಭೋರೆಂದು ನಕ್ಕಿತು. ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. ಚೆಂಡೆಯವ ಕೂಡ ತಡೆಯಲಾರದೆ ಒಂದು ಪೆಟ್ಟು ಹೊಡೆದ. ತ್ರಿಶಾಳ ಮುಖ ಸಣ್ಣದಾಯಿತು. ಅಧ್ಯಕ್ಷರು ನಗಲಿಲ್ಲ, ಹುಬ್ಬು ಗಂಟಿಕ್ಕಲೂ ಇಲ್ಲ. ಆ ಮುಖದಲ್ಲಿ ಲೋಕನಾಥನಿಗೆ ಏನೂ ಓದಲಾಗಲಿಲ್ಲ.

"ಉತ್ತರ ಕೊಡು ಮಾರಾಯ," ಎಂದು ಅವನು ಮೈಕಿಗೆ ಕೈ ಅಡ್ಡ ಹಿಡಿದು ಜಯೇಶನನ್ನು ಬೇಡಿಕೊಂಡ. "ಇದು ಕಾರ್ಟೂನ್, ಕಾರ್ಟೂನಿನಲ್ಲಿ ಡ್ರೈವರ್ ನಗಬಹುದು ಅಂತ ಹೇಳು!"

"ಕಾರ್ಟೂನಿನಲ್ಲಿ ಡ್ರೈವರ್ ನಗಬಹುದು," ಎಂದ ಜಯೇಶ್ ವಿಧೇಯನಾಗಿ. "ಅಂತ ಲೋಕಣ್ಣನೇ ಹೇಳಿದ್ದಾರೆ."

ಮತ್ತೆ ನಗು. ಲೋಕನಾಥ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ. ಇನ್ನೂ ಕೆಳಗಿಳಿಯಬೇಕು, ಸಭೆ ಥೂ ಎನ್ನುವಷ್ಟು ಕೆಳಗೆ.

"ಇನ್ನು ಆ ದುಃಖದ ವಿಷಯ. ಅದು ಕೊನೆಯ ಸೀಟಿನಲ್ಲಿ ಕೂತಿದೆ. ಕೊನೆಯ ಸೀಟಿನಲ್ಲಿ ಕೂತವನಿಗೆ ದುಃಖ ಆಗದೆ ಇನ್ನೇನಾಗ್ತದೆ? ಪ್ರತಿ ಹೊಂಡಕ್ಕೂ ಮೇಲೆ ಹಾರಿ ತಲೆ ಮಾಡಿಗೆ ತಾಗ್ತದೆ. ಕಣ್ಣಲ್ಲಿ ನೀರು ತನ್ನಿಂದ ತಾನೇ ಬರ್ತದೆ. ಇದನ್ನು ತಿಳಿಯಲಿಕ್ಕೆ ಹೊರದೇಶದ ಸಿನೆಮಾ ಯಾಕೆ? ಹನೀಫಾನ ಜೀಪು ಸಾಕು!"

ಸಭೆ ಎದ್ದೇ ನಿಂತಿತು. ಬಾಗಿಲಲ್ಲಿ ನಿಂತಿದ್ದ ಹನೀಫಾ ಎರಡೂ ಕೈ ಎತ್ತಿ ಜನರಿಗೆ ನಮಸ್ಕಾರ ಮಾಡಿದ. ಗುರುವಪ್ಪ ನಗುತ್ತ ಕೆಮ್ಮಿ ನೀರು ಕೇಳಿದರು. ಈ ಪ್ರಾಣಿಗೆ ಸೋಲಲು ಕೂಡ ಬರುವುದಿಲ್ಲವಲ್ಲ ಎಂಬಂತೆ ಕಾಂತಿ ಕಣ್ಣು ಮುಚ್ಚಿಕೊಂಡಳು. ತ್ರಿಶಾ ತಲೆ ತಗ್ಗಿಸಿ ಲಂಗದ ಅಂಚು ತಿರುಚುತ್ತಿದ್ದಳು. ಅದು ಲೋಕನಾಥನ ಕಣ್ಣಿಗೆ ಬಿತ್ತು. ತಾನು ಅಷ್ಟೊಂದು ಮೆಚ್ಚಿದ ಸಿನೆಮಾವನ್ನು ತಾನೇ ಈ ರೀತಿ ಚಿಂದಿ ಮಾಡುತ್ತಿದ್ದೇನೆ, ಅದೂ ಆ ಮಗುವಿನ ಎದುರು.

ಅವನು ಕೊನೆಯ ಆಸೆಯಿಂದ ಜಯೇಶನ ಕಡೆ ನೋಡಿದ. ಜಯೇಶ್ ಎದ್ದು ನಿಂತು ಕೈ ಮುಗಿದ.

"ಲೋಕಣ್ಣ ಹೇಳಿದ್ದು ಸರಿ. ನಾನು ಒಪ್ಪಿದೆ."

ಹೋಯಿತು. ಗೆದ್ದುಬಿಟ್ಟಿದ್ದ. ಬಂಟ್ವಾಳದ ಮನೆ, ಸಂಜೆಯ ಹೊತ್ತು ಬಾಗಿಲಲ್ಲಿ ಕಾಯುವ ಪ್ರಾಪ್ತಿ, ಎಲ್ಲ ಆ ಒಂದು ಚಪ್ಪಾಳೆಯಲ್ಲಿ ಕೊಚ್ಚಿಹೋಯಿತು.

ಅಧ್ಯಕ್ಷರು ಜಾಗಟೆ ಎತ್ತಿದರು. ಸಭೆ ಸುಮ್ಮನಾಯಿತು.

"ಜಯೇಶ್ ಸೋತ. ಆದರೆ ಪ್ರಸಂಗ ಮುಗೀಲಿಲ್ಲ. ಈ ಸಿನೆಮಾದ ಪರವಾಗಿ ಮಾತಾಡ್ಲಿಕ್ಕೆ ಇನ್ನೊಬ್ಬಳು ಇದ್ದಾಳೆ." ಅವರು ಮುಂದಿನ ಸಾಲಿಗೆ ಬಾಗಿದರು. "ತ್ರಿಶಾ, ಬಾ ಮಗಾ. ಇವರು ಹೇಳಿದ್ದಕ್ಕೆ ನಿನ್ನ ಉತ್ತರ ಎಂತ?"

ಹುಡುಗಿ ಮೆಟ್ಟಲು ಹತ್ತಿ ಬಂದಳು. ವಾದ ಮಾಡಲು ಅವಳಿಗೆ ಬರುತ್ತಿರಲಿಲ್ಲ. ಮೈಕನ್ನು ಎರಡೂ ಕೈಯಲ್ಲಿ ಫೋನಿನ ಹಾಗೆ ಕಿವಿಯ ಹತ್ತಿರ ಹಿಡಿದುಕೊಂಡಳು. ಆಮೇಲೆ ಬಂದದ್ದು ಅವಳ ಸ್ವರವಲ್ಲ. ಕೊನೆಯ ಸೀಟಿನ ಆ ದಣಿದ, ಸಣ್ಣ ಸ್ವರ.

"ಅಪ್ಪ, ಇಷ್ಟು ದಿನ ಚೆನ್ನಾಗಿದ್ದೇನೆ ಅಂತ ಹೇಳಿದ್ದು ನಾನಲ್ಲ. ನಾನು ಹಿಂದೆ ಕೂತಿದ್ದೆ. ನಿಮಗೆ ಬೇಜಾರಾಗುತ್ತದೆ ಅಂತ ಯಾರೂ ನನಗೆ ಫೋನ್ ಕೊಡಲಿಲ್ಲ. ಅಪ್ಪ, ನೀವು ಮನೆಗೆ ಯಾವಾಗ ಬರುತ್ತೀರಿ?"

ಲೋಕನಾಥ ನೋಡಬಾರದಿತ್ತು, ಆದರೆ ನೋಡಿದ. ಎರಡನೆಯ ಸಾಲಿನಲ್ಲಿ ಪ್ರಾಪ್ತಿ ಕೈ ಬೀಸುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು. ಆ ಪ್ರಶ್ನೆಗೆ ಅವಳೂ ಉತ್ತರ ಕಾಯುತ್ತಿದ್ದ ಹಾಗಿತ್ತು.

ಕಪ್ಪು ಕನ್ನಡಕದ ಕೆಳಗಿನಿಂದ ನೀರು ಧಾರೆಯಾಗಿ ಇಳಿಯಿತು. ಮೈಕು ಬಾಯಿಯ ಹತ್ತಿರವೇ ಇದ್ದುದರಿಂದ ಅವನ ಬಿಕ್ಕು ಸಭಾಭವನದ ಎಲ್ಲ ಸ್ಪೀಕರುಗಳಲ್ಲಿ ಮೊಳಗಿತು. ಕನ್ನಡಕ ಕಿತ್ತು ಕೆಳಗಿಟ್ಟ. ಗುರುವಪ್ಪ ನೋಡಲಿ, ಊರು ನೋಡಲಿ, ಇನ್ನು ಅವನಿಗೆ ಲೆಕ್ಕವಿರಲಿಲ್ಲ.

"ನಾನು ಸೋತೆ ಮಗಾ," ಎಂದ ಗದ್ಗದನಾಗಿ. "ನಾನು ಹೇಳಿದ್ದೆಲ್ಲ ಸುಳ್ಳು. ನನಗೆ ಮದ್ರಾಸ್ ಐ ಇಲ್ಲ. ನಿನ್ನೆ ಟಾಕೀಸಿನಲ್ಲಿ ನಾನು ಅತ್ತೆ. ಮನೆಗೆ ಬಂದೂ ಅತ್ತೆ. ನನ್ನ ಮಗಳೂ ದಿನಾ ಚೆನ್ನಾಗಿದ್ದೇನೆ ಅಂತ ಹೇಳ್ತಾಳೆ. ನಾನು ನಂಬಿದ ಹಾಗೆ ಮಾಡ್ತೇನೆ. ಈ ಸಿನೆಮಾವನ್ನು ಲೋಕ ಹೊಗಳಿದ್ದು ಕಡಿಮೆಯೇ ಆಯಿತು!"

ಆಗ ಎದ್ದ ಚಪ್ಪಾಳೆಗೆ ಮಾಡಿನ ಪಾರಿವಾಳಗಳು ಹಾರಿದವು. ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡಿದ್ದರು. ತ್ರಿಶಾ ನಗುತ್ತಿದ್ದಳು. ಅಧ್ಯಕ್ಷರು ಜಾಗಟೆ ಕೆಳಗಿಟ್ಟು ಎದ್ದುಬಂದು, ತಮ್ಮ ಶಾಲನ್ನೇ ತೆಗೆದು ಲೋಕನಾಥನಿಗೆ ಹೊದಿಸಿದರು. ಅವರ ಕಣ್ಣೂ ತುಂಬಿತ್ತು.

ಉಳಿದುಕೊಂಡೆ ಎಂದುಕೊಂಡ ಲೋಕನಾಥ. ಸತ್ಯ ಹೇಳಿದೆ, ಉಳಿದುಕೊಂಡೆ. ಕಾಂತಿಯೂ ಮೊದಲ ಬಾರಿಗೆ ಉಸಿರು ಬಿಟ್ಟಳು.

"ಚಿಕ್ಕಂದಿನಿಂದ ತಾಳಮದ್ದಳೆ ಕೇಳಿದ್ದೇನೆ," ಎಂದರು ಅಧ್ಯಕ್ಷರು ಮೈಕಿನಲ್ಲಿ. "ಗೆಲ್ಲುವ ಪಾತ್ರದವರು ಎಷ್ಟೂ ಸಿಗ್ತಾರೆ. ಸೋಲುವ ಪಾತ್ರವನ್ನು ಇಷ್ಟು ಚಂದ ಸೋತವರನ್ನು ನಾನು ಕಂಡಿಲ್ಲ. ಮೊದಲು ಸಭೆಯನ್ನು ನಗಿಸಿ ಮೇಲೆ ಹತ್ತಿಸಿದ್ದು ಹೇಗೆ! ಆಮೇಲೆ ಕಣ್ಣಿಗೆ ನೀರು ತಂದದ್ದು ಹೇಗೆ! ಆ ಕಪ್ಪು ಕನ್ನಡಕ ತೆಗೆದ ಗಳಿಗೆಯಂತೂ! ಎಂಥ ಅಭಿನಯ!"

ಲೋಕನಾಥ ತಬ್ಬಿಬ್ಬಾದ. "ಸಾರ್, ಅಭಿನಯ ಅಲ್ಲ ಸಾರ್. ನಾನು ನಿಜವಾಗಿಯೂ ಅತ್ತದ್ದು."

"ನೋಡಿದ್ರಾ!" ಅಧ್ಯಕ್ಷರು ಸಭೆಗೆ ತಿರುಗಿದರು. "ಇನ್ನೂ ಪಾತ್ರ ಬಿಟ್ಟು ಹೊರಗೆ ಬರ್ಲಿಲ್ಲ!"

ಮತ್ತೊಮ್ಮೆ ಚಪ್ಪಾಳೆ. ಲೋಕನಾಥ ಎದೆ ಮುಟ್ಟಿಕೊಂಡು "ದೇವರಾಣೆ ಸಾರ್" ಎಂದ. ಚಪ್ಪಾಳೆ ಇನ್ನೂ ಹೆಚ್ಚಾಯಿತು.

"ಈಗ ವರ್ಗದ ವಿಷಯ," ಎಂದರು ಅಧ್ಯಕ್ಷರು. ಲೋಕನಾಥ ಶಾಲು ಸರಿಮಾಡಿಕೊಂಡ. "ಬಂಟ್ವಾಳದ ಜಾಗ ಲೋಕನಾಥರಿಗೆ ಅಂತ ನಾನು ನಿನ್ನೆಯೇ ತೀರ್ಮಾನ ಮಾಡಿ ಇಟ್ಟಿದ್ದೆ. ಸಣ್ಣ ಮಗಳು ಇದ್ದಾಳೆ, ಪಾಪ, ಮನೆ ಹತ್ತಿರ ಇರ್ಲಿ ಅಂತ. ಆದರೆ ಇವತ್ತು ಇವರನ್ನು ಕಂಡ ಮೇಲೆ ಕಳಿಸ್ಲಿಕ್ಕೆ ನನಗೇನು ಮರುಳಾ? ನೆರಿಯದಲ್ಲಿ ನನ್ನ ತೋಟದ ಮನೆ ಉಂಟು. ಅಲ್ಲಿ ವಾರ ವಾರ ಒಂದು ಕೂಟ ಮಾಡ್ಬೇಕು ಅಂತ ನನ್ನ ಬಹಳ ದಿನದ ಆಸೆ. ಎದುರು ಅರ್ಥಕ್ಕೆ ಜನ ಇಲ್ಲದೆ ನಿಂತಿತ್ತು. ಇನ್ನು ನಿಲ್ಲುವುದಿಲ್ಲ. ಪ್ರತಿ ಆದಿತ್ಯವಾರ, ನೆರಿಯದಲ್ಲಿ!"

"ಆದಿತ್ಯವಾರವಾ ಸಾರ್?" ಲೋಕನಾಥನ ಸ್ವರ ಹೊರಗೆ ಬಂದದ್ದು ಅರ್ಧ ಮಾತ್ರ.

"ಮತ್ತೆ? ವಾರದ ದಿನ ನಿಮಗೆ ಡ್ಯೂಟಿ ಉಂಟಲ್ಲ! ಬಂಟ್ವಾಳಕ್ಕೆ ಜಯೇಶ್ ಹೋಗ್ಲಿ. ಯಾರು ಏನು ಹೇಳಿದ್ರೂ ಒಪ್ಪಿಕೊಳ್ತಾನೆ. ಕೌಂಟರಿಗೆ ಅಂಥವನೇ ಬೇಕು."

ಜಯೇಶ್ ಎದ್ದು ನಿಂತು "ಅಧ್ಯಕ್ಷರು ಹೇಳಿದ್ದು ಸರಿ, ನಾನು ಒಪ್ಪಿದೆ" ಎಂದ.

ಸಭೆ ಮುಗಿದು ಜನ ಚಾ, ಗೋಳಿಬಜೆಗೆ ಮುಗಿಬಿದ್ದರು. ಲೋಕನಾಥ ಶಾಲು ಹೊದ್ದು, ತನಗೂ ಕೊಟ್ಟ ಸನ್ಮಾನದ ಹಣ್ಣಿನ ದೊಡ್ಡ ಚೀಲ ಹಿಡಿದು ಮೆಟ್ಟಲಿಳಿದ. ಕಾಂತಿ ಅವನ ಕೆನ್ನೆಯ ಮೇಲೆ ಉಳಿದಿದ್ದ ಬೆಳಗಿನ ಪೌಡರನ್ನು ಸೆರಗಿನಿಂದ ಒರೆಸಿದಳು, ಅಷ್ಟೇ. ಅವಳು ಬೈದಿದ್ದರೆ ಅವನಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಪ್ರಾಪ್ತಿ ಅವನ ಶಾಲಿನ ತುದಿ ಹಿಡಿದಳು.

"ಪಪ್ಪ, ಆದಿತ್ಯವಾರವೂ ಬರುವುದಿಲ್ವಾ? ನಿಮಗೆ ಬೇಜಾರುಂಟಾ?"

ಲೋಕನಾಥನ ಎದೆಯೊಳಗಿನ ಬಸ್ಸಿನಲ್ಲಿ ಕೊನೆಯ ಸೀಟಿನ ದುಃಖ ಎದ್ದಿತು. ಆದರೆ ಡ್ರೈವರು ಅದಕ್ಕಿಂತ ಮೊದಲು ಓಡಿಬಂದ.

"ಛೇ, ಎಂತ ಬೇಜಾರು? ನಾನು ಚೆನ್ನಾಗಿದ್ದೇನೆ ಮಗಾ," ಎಂದು ಅವನು ನಕ್ಕ.

ಪ್ರಾಪ್ತಿ ಸಿನೆಮಾ ನೋಡಿದವಳು. ನಂಬಿದ ಹಾಗೆ ಮಾಡಿದಳು.

ಬಂಟ್ವಾಳದ ಬಸ್ಸು ಅವರಿಬ್ಬರನ್ನು ಕರೆದುಕೊಂಡು ಹೋದ ಮೇಲೆ ಹನೀಫಾನ ಜೀಪು ನೆರಿಯಕ್ಕೆ ಹೊರಟಿತು. ಜಯೇಶ್ ಮೂಡುಬಿದಿರೆಯಲ್ಲೇ ಉಳಿದ. ಮುಂದಿನ ಸೀಟಿನಲ್ಲಿ ಗುರುವಪ್ಪ ಆಗಲೇ ಕೂತಿದ್ದರು. ನಡುವಿನ ಸೀಟಿನಲ್ಲಿ ಅಧ್ಯಕ್ಷರು ತೋಟದ ಮನೆಗೆಂದು ಕಳಿಸಿದ ಚೆಂಡೆ, ಮದ್ದಳೆ. ಲೋಕನಾಥ ಹಣ್ಣಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೊನೆಯ ಸೀಟಿನಲ್ಲಿ ಕೂತ.

ವೇಣೂರು ದಾಟಿದ ಮೇಲೆ ಒಂದು ದೊಡ್ಡ ಹೊಂಡಕ್ಕೆ ಜೀಪು ಹಾರಿತು. ಲೋಕನಾಥನ ತಲೆ ಮಾಡಿಗೆ ಟಪ್ಪೆಂದು ತಾಗಿತು. ಗುರುವಪ್ಪ ಹಿಂದೆ ತಿರುಗಿ ನೋಡಿದರು.

"ಎಂತ ಮಾರಾಯ, ಕಣ್ಣಲ್ಲಿ ನೀರು? ಅಳುವುದಾ?"

"ಇಲ್ಲ ಗುರುವಪ್ಪಣ್ಣ," ಎಂದ ಲೋಕನಾಥ. "ಹೊಂಡ."

ಗುರುವಪ್ಪ ದೊಡ್ಡದೊಂದು ಸತ್ಯ ಹೊಳೆದವರಂತೆ ತೊಡೆ ತಟ್ಟಿಕೊಂಡರು.

"ಹಾಗಾದರೆ ನೀನು ಸಭೆಯಲ್ಲಿ ಮೊದಲು ಹೇಳಿದ್ದೇ ಸರಿ ಮಾರಾಯ. ಆ ಸಿನೆಮಾದಲ್ಲಿ ಅಂಥದ್ದೇನಿಲ್ಲ!"